ಪೆಟ್ಟಿಗೆ ಗಿಟಾರಿನ ತಂತಿ ಪದೇ ಪದೇ ತುಂಡಾಗುತ್ತಿದ್ದರೆ: ದೋಷ ಹುಡುಕುವ ಬಗೆ

ತುಂಡಾದ ತಂತಿಯನ್ನು ಎಸೆಯಬೇಡಿ. ಹೊಸದು ಹಾಕುವ ಅವಸರದಲ್ಲಿ ಹಳೆಯದನ್ನು ಸುರುಳಿ ಸುತ್ತಿ ಕಸಕ್ಕೆ ಹಾಕಿಬಿಟ್ಟರೆ, ದೋಷ ವಾದ್ಯದ ಯಾವ ಮೂಲೆಯಲ್ಲಿದೆ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ತಂತಿ ಎಲ್ಲಿ ಕಡಿಯಿತೋ ಅಲ್ಲೇ, ಇಲ್ಲವೇ ಅದರ ಕೂದಲೆಳೆಯಷ್ಟು ಪಕ್ಕದಲ್ಲಿ ಸಾಮಾನ್ಯವಾಗಿ ಕಾರಣವೂ ಇರುತ್ತದೆ.

ಇಲ್ಲಿ ಹೇಳುತ್ತಿರುವುದು ಮನೆಯಲ್ಲೇ ಮಾಡಿದ ಮೂರು ತಂತಿಯ ಗಿಟಾರಿನ ವಿಷಯ. 19ನೇ ಶತಮಾನದ ಅಮೆರಿಕದಲ್ಲಿ ಅಂಗಡಿಯ ವಾದ್ಯ ಕೊಳ್ಳಲಾಗದವರು ಖಾಲಿ ಸಿಗಾರ್ ಪೆಟ್ಟಿಗೆಗೆ ಕೋಲು ಸೇರಿಸಿ, ತಂತಿ ಬಿಗಿದು ನುಡಿಸುತ್ತಿದ್ದರು. ಆ ಜಾತಿಯದೇ ಇದು. ನನ್ನದಕ್ಕೆ ಪೆಟ್ಟಿಗೆ ದೀಪಾವಳಿಗೆ ಬಂದ ಒಣಹಣ್ಣಿನದು, ಕುತ್ತಿಗೆ ಬಾಗಿಲ ಚೌಕಟ್ಟು ಮಾಡಿ ಉಳಿದ ಸಾಗುವಾನಿ ರೀಪು, ತಂತಿ ಸಿಕ್ಕಿಸುವ ಬಾಲದ ಜಾಗದಲ್ಲಿ ಕಪಾಟಿನ ಹಿಂಜು, ಪೆಟ್ಟಿಗೆಯ ಮೇಲೆ ತಂತಿಯನ್ನು ಹೊರುವ ಕುದುರೆಯ ಜಾಗದಲ್ಲಿ ಒಂದು ಉದ್ದದ ಬೋಲ್ಟು. ಸಾಮಾನ್ಯ ಗಿಟಾರಿನ ತಂತಿ ಸೆಟ್ಟಿನಿಂದ 5, 4, 3ನೇ ತಂತಿಗಳನ್ನು ತೆಗೆದು ಜಿ, ಡಿ, ಜಿ ಶ್ರುತಿಗೆ ಕೂಡಿಸಿದ್ದೆ. ನಮ್ಮ ಲೆಕ್ಕದಲ್ಲಿ ಅದು 5 ಮನೆ ಶ್ರುತಿಯ ಸ, ಪ, ಮೇಲಿನ ಸ. ತಂಬೂರಿಯ ನಾದ ಕೇಳಿ ಬೆಳೆದ ಕಿವಿಗೆ ಬಹಳ ಬೇಗ ಒಗ್ಗುವ ಶ್ರುತಿ.

ಅಕ್ಕನ ಮಗನಿಗೆಂದು ಮಾಡಿದ್ದು. 20 ದಿನಗಳಲ್ಲಿ 4 ತಂತಿ ಹೋದವು. ಪ್ರತಿ ಸಲವೂ ಅವನು ಬಾಗಿಲಲ್ಲಿ ನಿಂತು, "ಮಾವ, ಮತ್ತೆ ತುಂಡಾಯ್ತು. ನಾನು ಜೋರಾಗಿ ಬಾರಿಸಲೇ ಇಲ್ಲ" ಎನ್ನುತ್ತಿದ್ದ. ಮೊದಲ ಸಲ ಅವನನ್ನೇ ಗದರಿದೆ. ಎರಡನೇ ಸಲ ತಂತಿಯ ಕಂಪನಿಯನ್ನು ಬೈದು ಬೇರೆ ಕಂಪನಿಯದು ತಂದೆ. ಮೂರನೆಯದಕ್ಕೆ ಇನ್ನೂ ದಪ್ಪದ ತಂತಿ ಹಾಕಿದೆ. ಅದೂ ಹೋದಾಗ, ಅದೃಷ್ಟಕ್ಕೆ ಮೇಜಿನ ಖಾನೆಯಲ್ಲೇ ಉಳಿದಿದ್ದ ಹಳೆಯ ತುಂಡುಗಳನ್ನೆಲ್ಲ ಹಳೆ ಕ್ಯಾಲೆಂಡರಿನ ಹಿಂಬದಿಗೆ ಟೇಪಿನಿಂದ ಸಾಲಾಗಿ ಅಂಟಿಸಿ, ಪಕ್ಕದಲ್ಲಿ ಉದ್ದ ಬರೆದೆ. ಎರಡನೆಯದೂ ಮೂರನೆಯದೂ, ತಂತಿಯ ಬುಡದಲ್ಲಿ ಬಾಲಕ್ಕೆ ಸಿಕ್ಕಿಸುವ ಹಿತ್ತಾಳೆ ಗುಂಡಿನ ತುದಿಯಿಂದ ಸರಿಯಾಗಿ 9 ಸೆಂ.ಮೀ.ಗೆ ಕಡಿದಿದ್ದವು. ಬಾಲದಿಂದ ಕುದುರೆಗೆ ಅಳೆದರೆ, ಅದೂ 9 ಸೆಂ.ಮೀ. ಹುಡುಗನದ್ದಾಗಲಿ ಕಂಪನಿಯದ್ದಾಗಲಿ ತಪ್ಪಿರಲಿಲ್ಲ.

ಮುಂದೆ ಹೋಗುವ ಮೊದಲು ಹೆಸರುಗಳ ವಿಚಾರ. ತಂತಿ ಸುತ್ತುವ ಕೀಲಿಯನ್ನು ಬಿರಡೆ ಎನ್ನುತ್ತೇನೆ, ಪೆಟ್ಟಿಗೆಯ ಮೇಲೆ ತಂತಿಯನ್ನು ಹೊರುವುದನ್ನು ಕುದುರೆ ಎನ್ನುತ್ತೇನೆ. ವೀಣೆ ತಂಬೂರಿಯವರಿಂದ ಬಂದ ಈ ಮಾತುಗಳು ಇಲ್ಲಿಗೂ ಸರಿಹೊಂದುತ್ತವೆ. ಕುತ್ತಿಗೆಯ ತುದಿಯಲ್ಲಿ ಗೀರುಗಳಿರುವ ಪಟ್ಟಿಯನ್ನು ಗಿಟಾರಿನವರು ನಟ್ ಎನ್ನುತ್ತಾರೆ. ಬೋಲ್ಟಿಗೆ ಹಾಕುವ ನಟ್ಟಿಗೂ ಇದಕ್ಕೂ ಸಂಬಂಧವಿಲ್ಲ.

ತುಂಡನ್ನು ಓದುವುದು

ಮುರಿದ ತಂತಿಯ ಗುಂಡನ್ನು ಮತ್ತೆ ಬಾಲದಲ್ಲಿ ಸಿಕ್ಕಿಸಿ, ತಂತಿಯನ್ನು ಮೊದಲಿದ್ದ ದಾರಿಯಲ್ಲೇ ಕೈಯಿಂದ ಮೆಲ್ಲಗೆ ಎಳೆದು ಹಿಡಿಯಿರಿ. ಕಡಿದ ತುದಿ ಎಲ್ಲಿಗೆ ಮುಟ್ಟುತ್ತದೋ ನೋಡಿ. ಬಾಲ, ಕುದುರೆ, ಫ್ರೆಟ್ಟು (ಸ್ವರಕ್ಕಾಗಿ ಕುತ್ತಿಗೆಯ ಮೇಲೆ ಕೂರಿಸಿದ ಅಡ್ಡಪಟ್ಟಿ), ನಟ್, ಬಿರಡೆ, ಈ ಐದರಲ್ಲಿ ಒಂದು ಹತ್ತಿರದಲ್ಲೇ ಇರುತ್ತದೆ.

ಆಮೇಲೆ ಭೂತಗನ್ನಡಿಯಲ್ಲಿ ಕಡಿದ ಬಾಯಿಯನ್ನು ನೋಡಿ. ತುದಿ ಸ್ವಲ್ಪ ಸೊರಗಿ, ಮೊನೆಯಂತೆ ತೆಳ್ಳಗಾಗಿದ್ದರೆ ತಂತಿಯನ್ನು ಅದರ ಶಕ್ತಿ ಮೀರಿ ಎಳೆದಿದ್ದೀರಿ, ದೋಷ ಶ್ರುತಿಯಲ್ಲಿದೆ. ತುದಿ ಸೊರಗದೆ ಮೊಂಡಾಗಿ ಕಡಿದಿದ್ದರೆ ಏನೋ ಒಂದು ಚೂಪಾದ ಅಂಚು ಅಲ್ಲಿ ಗಾಯ ಮಾಡಿದೆ, ಆ ಗಾಯದಲ್ಲಿ ತಂತಿ ಮತ್ತೆ ಮತ್ತೆ ಬಳುಕಿ ದಣಿದು ಮುರಿದಿದೆ. ಮುರಿದ ಬಾಯಿಯ ಸುತ್ತ ಕಂದು ಚುಕ್ಕಿಗಳಿದ್ದರೆ ತುಕ್ಕು.

ನನ್ನ ಕ್ಯಾಲೆಂಡರಿನ ಮೊದಲ ತುಂಡು ಮೊನೆಯಾಗಿತ್ತು. ಉಳಿದ ಮೂರೂ ಮೊಂಡು. ಅಂದರೆ ಒಂದೇ ವಾದ್ಯದಲ್ಲಿ ಎರಡು ಬಗೆಯ ದೋಷ. ಮನೆಯಲ್ಲಿ ಮಾಡಿದ ವಾದ್ಯಗಳಲ್ಲಿ ಇದು ತೀರಾ ಸಾಮಾನ್ಯ. ಒಂದು ಸರಿ ಮಾಡಿದ ಕೂಡಲೇ ಎಲ್ಲ ಸರಿಯಾಯಿತು ಎಂದುಕೊಳ್ಳಬೇಡಿ.

ಶ್ರುತಿ ಮಾಡುವಾಗಲೇ ಹೋಯಿತೇ?

ಮೊದಲ ತಂತಿ ಹೋದದ್ದು ಹಾಗೆ. ಮೊಬೈಲಿನ ಟ್ಯೂನರ್ ಆ್ಯಪ್ ಇಟ್ಟುಕೊಂಡು ಹುಡುಗ ತಾನೇ ಶ್ರುತಿ ಮಾಡುತ್ತಿದ್ದ. ಆ್ಯಪ್ ‘ಜಿ’ ಎಂದಷ್ಟೇ ತೋರಿಸುತ್ತದೆ, ಯಾವ ಸ್ಥಾಯಿಯ ಜಿ ಎಂಬುದು ಪಕ್ಕದ ಸಣ್ಣ ಅಂಕಿಯಲ್ಲಿರುತ್ತದೆ. ತೆಳು ತಂತಿ ಜಿ3 ಆಗಿರಬೇಕು, ಅಂದರೆ 196 ಹರ್ಟ್ಸ್. ನಡುವಿನದು ಡಿ3, ಸುಮಾರು 147. ದಪ್ಪದ್ದು ಜಿ2, 98. ಅವನು ತೆಳು ತಂತಿಯನ್ನು ಜಿ3 ದಾಟಿಸಿ ಜಿ4ರ ಕಡೆಗೆ ತಿರುಗಿಸುತ್ತಲೇ ಹೋಗಿದ್ದ.

ಇದೇಕೆ ಅಷ್ಟು ಅಪಾಯ ಎಂದರೆ, ತಂತಿಯ ಎಳೆತ ಕಂಪನದ ಲೆಕ್ಕದಲ್ಲಿ ನೇರವಾಗಿ ಏರುವುದಿಲ್ಲ, ಅದರ ವರ್ಗದಷ್ಟು ಏರುತ್ತದೆ. ಒಂದೇ ಒಂದು ಸ್ವರಸ್ಥಾನ ಮೇಲೆ ಹೋದರೆ ಎಳೆತ ಶೇ 12ರಷ್ಟು ಹೆಚ್ಚು. ಎರಡು ಹೋದರೆ ಶೇ 26. ಒಂದು ಸ್ಥಾಯಿ ಪೂರ್ತಿ ಹೋದರೆ ನಾಲ್ಕು ಪಟ್ಟು. 63.5 ಸೆಂ.ಮೀ. ನುಡಿಯುವ ಉದ್ದದಲ್ಲಿ 0.61 ಮಿ.ಮೀ. ದಪ್ಪದ ಸುತ್ತು ತಂತಿ (ಉಕ್ಕಿನ ಎಳೆಯ ಮೇಲೆ ಕಂಚು ಸುತ್ತಿದ್ದು) ಜಿ3ಗೆ ಬಂದಾಗ ಸುಮಾರು 13 ಕಿಲೊ ಎಳೆಯುತ್ತಿರುತ್ತದೆ. ಜಿ4ಕ್ಕೆ ಹೋಗಬೇಕಾದರೆ 52 ಕಿಲೊ. ಒಂದು ಸಿಮೆಂಟ್ ಮೂಟೆಯನ್ನು ಅಂಥ ತಂತಿಗೆ ನೇತುಹಾಕಿದ ಹಾಗೆ. ಅಲ್ಲಿಗೆ ತಲುಪುವ ಬಹಳ ಮೊದಲೇ ಅದು ಕಡಿಯುತ್ತದೆ.

ಆ್ಯಪ್ ನಂಬುವ ಮೊದಲು ಕಿವಿಯಿಂದ ಹೀಗೆ ತಾಳೆ ನೋಡಿ: ದಪ್ಪ ತಂತಿಯನ್ನು 12ನೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ ಬರುವ ಸ್ವರ ಮತ್ತು ತೆಳು ತಂತಿಯ ಖಾಲಿ ಸ್ವರ ಒಂದೇ ಆಗಿರಬೇಕು. ತೆಳುವಿನದು ಅದಕ್ಕಿಂತ ಮೇಲೆ ಕೇಳಿಸಿದರೆ ತಕ್ಷಣ ಸಡಿಲಿಸಿ. ತಂತಿ ಏರಿಸುವಾಗ ಮುಖವನ್ನು ವಾದ್ಯದ ಮೇಲೆ ಬಗ್ಗಿಸಿ ಕೂರಬೇಡಿ, ಮಕ್ಕಳನ್ನಂತೂ ಹತ್ತಿರ ಬಿಡಬೇಡಿ. ಕಡಿದ ತಂತಿ ನೇರ ಕಣ್ಣಿಗೇ ಬರಬಹುದು. ನಾನು ಕನ್ನಡಕ ಹಾಕದೆ ಬಿರಡೆ ಮುಟ್ಟುವುದಿಲ್ಲ.

ಶ್ರುತಿ ಸರಿಯಿದ್ದೂ ಹೀಗಾಗುತ್ತಿದ್ದರೆ ನಟ್‌ನಿಂದ ಕುದುರೆಗೆ ಅಳತೆ ಹಿಡಿಯಿರಿ. ಇದ್ದ ರೀಪು ಹಾಳುಮಾಡುವುದೇಕೆ ಎಂದು ಕುತ್ತಿಗೆಯನ್ನು ಉದ್ದಕ್ಕೇ ಬಿಟ್ಟವರಿದ್ದಾರೆ. 63.5ರ ಬದಲು 70 ಸೆಂ.ಮೀ. ಆದರೆ, ಅದೇ ಶ್ರುತಿಗೆ ಎಳೆತ ಐದನೇ ಒಂದು ಭಾಗಕ್ಕಿಂತ ಹೆಚ್ಚು ಏರುತ್ತದೆ. ಕುತ್ತಿಗೆ ಕತ್ತರಿಸಬೇಕಿಲ್ಲ, ಶ್ರುತಿಯನ್ನು ಎರಡು ಸ್ವರಸ್ಥಾನ ಇಳಿಸಿ ಎಫ್, ಸಿ, ಎಫ್ ಮಾಡಿಕೊಂಡರೆ ಸಾಕು.

ದಪ್ಪ ತಂತಿ ಹಾಕಿದರೆ ನಿಲ್ಲುತ್ತದೆಯೇ?

ಎಲ್ಲರೂ ಮೊದಲು ಯೋಚಿಸುವುದು ಇದನ್ನೇ, ನಾನೂ ಮಾಡಿದೆ. ನಿಲ್ಲುವುದಿಲ್ಲ. ದಪ್ಪ ತಂತಿಗೆ ತೂಕವೂ ಹೆಚ್ಚು; ಅದನ್ನು ಅದೇ ಶ್ರುತಿಗೆ ತರಲು ಅಷ್ಟೇ ಹೆಚ್ಚು ಎಳೆಯಬೇಕು. ಸುತ್ತು ಇಲ್ಲದ ಸಾದಾ ಉಕ್ಕಿನ ತಂತಿಯಲ್ಲಿ ಲೆಕ್ಕ ಹಾಕಿದರೆ, ಒಂದೇ ಉದ್ದ ಒಂದೇ ಶ್ರುತಿ ಇರುವವರೆಗೆ, ದಪ್ಪ ಎಷ್ಟಿದ್ದರೂ ಪ್ರತಿ ಚದರ ಮಿಲಿಮೀಟರಿಗೆ ಬೀಳುವ ಎಳೆತ ಒಂದೇ. ಮಾಮೂಲಿ ಗಿಟಾರಿನ ಅತಿ ತೆಳು ತಂತಿಯಲ್ಲಿ, 65 ಸೆಂ.ಮೀ. ಉದ್ದಕ್ಕೆ ಇ4 ಶ್ರುತಿಯಲ್ಲಿ, ಅದು ಸುಮಾರು 147 ಕಿಲೊ ಬರುತ್ತದೆ. ಆ ಉಕ್ಕು ತಡೆಯುವುದು ಸುಮಾರು 250 ಕಿಲೊ. ಅಂದರೆ ಒಳ್ಳೆಯ ಸ್ಥಿತಿಯಲ್ಲಿರುವ ತಂತಿ ಕೂಡ ತನ್ನ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ಬಳಸಿಕೊಂಡೇ ನಿಂತಿರುತ್ತದೆ. ಒಂದು ಸಣ್ಣ ಗಾಯವಾದರೂ ಉಳಿದ ಅಂತರ ಕರಗಿಹೋಗುತ್ತದೆ.

ಸುತ್ತು ತಂತಿಯಲ್ಲಿ ಇನ್ನೊಂದು ಸಂಗತಿ ಇದೆ. ಹೊರಗೆ ಸುತ್ತಿದ ಕಂಚು ಭಾರ ಹೊರುವುದಿಲ್ಲ, ತೂಕ ಮಾತ್ರ ಕೊಡುತ್ತದೆ. ಎಳೆತವೆಲ್ಲ ಒಳಗಿನ ತೆಳ್ಳನೆಯ ಉಕ್ಕಿನ ಎಳೆಯ ಮೇಲೆ. 3ನೇ ತಂತಿಯ ಒಳ ಎಳೆ ಸೆಟ್ಟಿನ ಸುತ್ತು ತಂತಿಗಳಲ್ಲೆಲ್ಲ ತೀರಾ ತೆಳು, ಆದ್ದರಿಂದಲೇ ನೋಡಲು ದಪ್ಪವಾಗಿ ಕಂಡರೂ ಬೇಗ ಹೋಗುತ್ತದೆ. ಚೂಪು ಅಂಚಿನ ಮೇಲೆ ಇನ್ನೂ ದಪ್ಪದ್ದನ್ನು ಹಾಕಿದಾಗ ಆದದ್ದು ಇಷ್ಟೇ: ಎಳೆತ ಹೆಚ್ಚಿತು, ಅಂಚು ಇನ್ನಷ್ಟು ಆಳಕ್ಕೆ ಕಚ್ಚಿತು. ಹಿಂದಿನದು 6 ದಿನ ಬಾಳಿದ್ದರೆ ಇದು 4 ದಿನಕ್ಕೇ ಹೋಯಿತು.

ಕುದುರೆಯ ಬಳಿ

ಬೋಲ್ಟನ್ನು ಕುದುರೆಯಾಗಿ ಬಳಸುವುದರಲ್ಲಿ ಅನುಕೂಲವಿದೆ. ಬೋಲ್ಟಿನ ಮರೆಯ, ಅಂದರೆ ಸುರುಳಿ ಗೀರಿನ, ಸಂದುಗಳಲ್ಲಿ ತಂತಿ ತಾನೇ ಕುಳಿತುಕೊಳ್ಳುತ್ತದೆ, ಪಕ್ಕಕ್ಕೆ ಜಾರುವುದಿಲ್ಲ. ಆದರೆ ಅಗ್ಗದ ಬೋಲ್ಟಿನ ಮರೆಗಳು ಕೊರೆದ ಹಾಗೇ ಇರುತ್ತವೆ, ಅಂಚಿನಲ್ಲಿ ಲೋಹದ ಸಿಬಿರು ಎದ್ದಿರುತ್ತದೆ, ಮೇಲಿನ ಸತುವಿನ ಲೇಪ ಚಕ್ಕೆಯಾಗಿ ಏಳುತ್ತದೆ. ಕಣ್ಣಿಗೆ ಕಾಣದ ಆ ಸಿಬಿರು ಪ್ರತಿ ಸಲ ಮೀಟಿದಾಗಲೂ ತಂತಿಯ ಒಂದೇ ಜಾಗವನ್ನು ಕೆರೆಯುತ್ತದೆ.

ಕಂಡುಹಿಡಿಯುವುದು ಸುಲಭ. ದೀಪದ ಬತ್ತಿಗೆ ಹೊಸೆಯುವ ಹತ್ತಿಯ ಒಂದು ಎಸಳು ತೆಗೆದುಕೊಂಡು ತಂತಿ ಕೂರುವ ಜಾಗದ ಮೇಲೆ ಮೆಲ್ಲಗೆ ಎಳೆಯಿರಿ. ನುಣುಪಿದ್ದರೆ ಹತ್ತಿ ಹಾಗೇ ಜಾರುತ್ತದೆ. ಸಿಬಿರಿದ್ದರೆ ನಾರು ಅಲ್ಲೇ ಸಿಕ್ಕಿ ನಿಲ್ಲುತ್ತದೆ. ನನ್ನ ಬೋಲ್ಟಿನ ಮೇಲೆ ಎಳೆದಾಗ ತೆಳು ತಂತಿಯ ಜಾಗದಲ್ಲಿ ಬಿಳಿ ನಾರಿನ ಒಂದು ಗೊಂಚಲೇ ಉಳಿಯಿತು, ಉಳಿದೆರಡು ಜಾಗಗಳಲ್ಲಿ ಏನೂ ಇರಲಿಲ್ಲ. ಬೆರಳಿಗೆ ಮಾತ್ರ ಮೂರೂ ಒಂದೇ ಥರ ಹತ್ತುತ್ತಿತ್ತು. ಅಂದಿನಿಂದ ಈ ವಿಷಯದಲ್ಲಿ ಬೆರಳನ್ನು ನಂಬುವುದಿಲ್ಲ.

ಸರಿಪಡಿಸಲು ಎರಡು ದಾರಿ. ಬೋಲ್ಟನ್ನೇ ಉಳಿಸಿಕೊಳ್ಳುವುದಾದರೆ, 400 ನಂಬರಿನ ನೀರುಕಾಗದವನ್ನು (ನುಣುಪು ಉಜ್ಜುಕಾಗದ) ಮಡಚಿ ಅದರ ಅಂಚಿನಿಂದ ಆ ಸಂದನ್ನು ಉಜ್ಜಿ, ಆಮೇಲೆ 1000ದಿಂದ ಹೊಳಪಿಗೆ ತನ್ನಿ. ನೂಲಿಗೆ ಹಿತ್ತಾಳೆ ಪಾಲಿಷ್ ಸವರಿ ಸಂದಿನಲ್ಲಿ ಹಿಂದೆ ಮುಂದೆ ಎಳೆದರೆ ಇನ್ನೂ ಚೆನ್ನ. ಹತ್ತಿಯ ನಾರು ಸಿಕ್ಕಿಕೊಳ್ಳುವುದು ನಿಲ್ಲುವ ತನಕ ಬಿಡಬೇಡಿ. ನನಗೆ ಹಿಡಿಸಿದ್ದು ಎರಡನೆಯ ದಾರಿ: ಬೋಲ್ಟನ್ನು ತೆಗೆದು, ಒಂದು ಗಟ್ಟಿ ಮರದ ತುಂಡಿನ ನೆತ್ತಿಯಲ್ಲಿ ಗೀರು ಮಾಡಿ, ಅದರಲ್ಲಿ ಸೈಕಲ್ಲಿನ ಹಳೆಯ ಸ್ಪೋಕಿನ ತುಂಡನ್ನು ಕೂರಿಸುವುದು. ಸ್ಪೋಕು 2 ಮಿ.ಮೀ. ದಪ್ಪ, ದುಂಡಗೆ, ನುಣುಪಾಗಿರುತ್ತದೆ. ಸೈಕಲ್ ರಿಪೇರಿಯವರು ಮುರಿದ ಸ್ಪೋಕಿಗೆ ದುಡ್ಡು ಕೇಳುವುದಿಲ್ಲ. ನಾದವೂ ಬೋಲ್ಟಿಗಿಂತ ಬಿಗಿಯಾಗಿ ಬಂತು.

ತಂತಿ ಕುದುರೆಯ ಮೇಲಿಂದ ಬಾಲಕ್ಕೆ ಇಳಿಯುವ ಕೋನವನ್ನೂ ಗಮನಿಸಿ. ಕುದುರೆ ಎತ್ತರವಾಗಿದ್ದು ಬಾಲ ತೀರಾ ಹತ್ತಿರ ಇದ್ದರೆ ತಂತಿ ಅಲ್ಲಿ ತೀರಾ ಕಡಿದಾಗಿ ಬಾಗುತ್ತದೆ. ಬಾಲವನ್ನು ಹಿಂದಕ್ಕೆ ಸರಿಸಿ, ಇಲ್ಲವೇ ಕುದುರೆಯನ್ನು ತಗ್ಗಿಸಿ.

ಬಾಲದ ಬಳಿ

ಕುದುರೆ ಸರಿಯಾಗಿ ಒಂದು ವಾರಕ್ಕೆ ನಾಲ್ಕನೆಯ ತಂತಿ ಹೋಯಿತು. ಈ ಸಲ ನಡುವಿನ ಡಿ, ಗುಂಡಿಗೆ ಅಂಟಿಕೊಂಡೇ. ಹಿಂಜಿನ ತೂತಿನ ಅಂಚು ಕಾರಣ. ತೂತು ಇರುವುದು ಸ್ಕ್ರೂಗಾಗಿ. ಒಂದು ಬದಿಗೆ ಸ್ಕ್ರೂ ತಲೆ ಕೂರುವಷ್ಟು ಇಳಿಜಾರಿರುತ್ತದೆ, ಇನ್ನೊಂದು ಬದಿ ಬ್ಲೇಡಿನಂತಿರುತ್ತದೆ. ನಾನು ಹಿಂಜನ್ನು ತಿರುವುಮುರುವಾಗಿ ಹಾಕಿದ್ದೆ, ತಂತಿ ಚೂಪು ಬದಿಯ ಮೇಲೆ ಬಗ್ಗುತ್ತಿತ್ತು. ತಿರುಗಿಸಿ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆ, ತೂತಿಗಿಂತ ದಪ್ಪದ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಹಿಡಿದು ಅಂಚಿನ ಮೇಲೆ ನಾಲ್ಕು ಸುತ್ತು ತಿರುಗಿಸಿ. ತಗಡಿನ ಡಬ್ಬಿಯಲ್ಲಿ ಮಾಡಿದ ವಾದ್ಯವಾದರೆ ಬ್ಯಾಗ್ ಹೊಲಿಯುವವರ ಹತ್ತಿರ ಹೋಗಿ ಹಿತ್ತಾಳೆ ಐಲೆಟ್ ಹೊಡೆಸಿ, ಶೂ ಲೇಸಿನ ತೂತಿಗಿರುವಂಥದ್ದು. ತೆಳು ತಗಡಿನ ಅಂಚನ್ನು ಎಷ್ಟು ಉಜ್ಜಿದರೂ ಅದು ತೆಳು ತಗಡೇ.

ಗುಂಡಿನ ಬಳಿಯ ತಿರುಚೇ ಬಿಚ್ಚಿಕೊಂಡು ತಂತಿ ಜಾರಿದ್ದರೆ ಅದು ತಂತಿಯ ದೋಷ, ವಾದ್ಯದ್ದಲ್ಲ. ಸಾದಾ ತಂತಿಗಳಲ್ಲಿ ಇದು ಆಗುತ್ತದೆ. ಹೊಸದರ ತಿರುಚಿಗೆ ಹಾಕುವ ಮೊದಲೇ ಒಂದು ಹನಿ ಬೆಸುಗೆ ಸೀಸ ಹಿಡಿಸಿದರೆ ಜಾರುವುದಿಲ್ಲ.

ನಟ್ ಮತ್ತು ಬಿರಡೆಯ ಬಳಿ

ಬಿರಡೆ ತಿರುಗಿಸುವಾಗ ಶ್ರುತಿ ಏರದೆ ನಿಂತು, ಆಮೇಲೆ ‘ಟಿಂಕ್’ ಎಂದು ಒಮ್ಮೆಲೇ ಜಿಗಿದರೆ ನಟ್‌ನ ಗೀರು ತಂತಿಯನ್ನು ಹಿಡಿಯುತ್ತಿದೆ. ಬಿರಡೆಯ ಕಡೆ ಎಳೆತ ಹೆಚ್ಚಿ, ಈ ಕಡೆ ಕಡಿಮೆ ಇದ್ದು, ತಂತಿ ಆ ಸಂದಿನಲ್ಲಿ ನಲುಗುತ್ತದೆ. ಗೀರು ತಂತಿಗಿಂತ ಕೂದಲಷ್ಟು ಅಗಲ ಇರಬೇಕು, ತಳ ದುಂಡಗಿರಬೇಕು, ಬಿರಡೆಯ ಕಡೆಗೆ ಸ್ವಲ್ಪ ಇಳಿಜಾರಿರಬೇಕು. ಇದಕ್ಕೆಂದೇ ಮಾಡಿದ ಅರಗಳು ದುಬಾರಿ. ಗ್ಯಾಸ್ ವೆಲ್ಡಿಂಗ್ ನಾಸಲಿನ ತೂತು ಸ್ವಚ್ಛ ಮಾಡುವ ಸಣ್ಣ ದುಂಡು ಅರಗಳ ಸೆಟ್ಟು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ, ಅದು ಸಾಕು. ಅದೂ ಸಿಗದಿದ್ದರೆ ಕಡಿದುಹೋದ ಸುತ್ತು ತಂತಿಯ ತುಂಡೇ ಅರ. ಅದನ್ನು ಗೀರಿನಲ್ಲಿ ಹಿಂದೆ ಮುಂದೆ ಎಳೆದರೆ ಮೂಳೆ, ಮರ ಎರಡನ್ನೂ ನಿಧಾನಕ್ಕೆ ಸವೆಸುತ್ತದೆ. ಕೊನೆಗೆ ಮೆತ್ತನೆಯ ಪೆನ್ಸಿಲಿನ ಸೀಸವನ್ನು ಗೀರಿಗೆ ತುಂಬಿ, ತಂತಿ ಜಾರಲು ಅದಕ್ಕಿಂತ ಒಳ್ಳೆಯದು ಮನೆಯಲ್ಲಿ ಸಿಗುವುದಿಲ್ಲ.

ಬಿರಡೆಯ ಬಳಿ ಕಡಿಯುವುದು ಬಹುಪಾಲು ತೂತಿನ ಬಾಯಿಯಿಂದ. ನೂಲನ್ನು ತೂತಿನಲ್ಲಿ ತೂರಿಸಿ ಆ ಕಡೆ ಈ ಕಡೆ ಎಳೆಯಿರಿ, ನೂಲು ಜುಬರಾದರೆ ಅದೇ ಪಾಲಿಷ್ ಹಚ್ಚಿದ ನೂಲಿನಿಂದ ಉಜ್ಜಿ. ಸುತ್ತು 2 ಅಥವಾ 3 ಸಾಕು, ಪ್ರತಿ ಸುತ್ತೂ ಹಿಂದಿನದರ ಕೆಳಗೆ ಕೂರಬೇಕು. ಒಂದರ ಮೇಲೊಂದು ಏರಿದರೆ ಮೇಲಿನದು ಕೆಳಗಿನದನ್ನು ಅಮುಕಿ ಕೊರೆಯುತ್ತದೆ. ಇಕ್ಕಳದಲ್ಲಿ ಹಿಡಿದು ಬಗ್ಗಿಸಿದ ಜಾಗ ಎಳೆತದ ಭಾಗಕ್ಕೆ ಬರದಂತೆ ನೋಡಿಕೊಳ್ಳಿ.

ನಡುವೆ ಎಲ್ಲೋ

ಅಪರೂಪ. ಫ್ರೆಟ್ಟಿನ ಮೇಲೆ ಕಡಿದಿದ್ದರೆ ಆ ಫ್ರೆಟ್ಟಿಗೆ ಹತ್ತಿ ಎಳೆಯಿರಿ. ಮೊಳೆಯನ್ನೋ ತಂತಿ ತುಂಡನ್ನೋ ಫ್ರೆಟ್ಟಾಗಿ ಅಂಟಿಸಿದವರು ಕತ್ತರಿಸಿದ ತುದಿಗಳನ್ನು ಅರದಿಂದ ದುಂಡು ಮಾಡಿರುವುದಿಲ್ಲ. ಮೀಟುವ ಜಾಗದಲ್ಲಿ ಕಡಿದಿದ್ದರೆ ಹುಡುಗರು ನಾಣ್ಯದಿಂದ ಮೀಟುತ್ತಿದ್ದಾರೋ ಎಂದು ಕೇಳಿ.

ತಂತಿಯೇ ಬೇರೆಯದಾದರೆ

ಗಿಟಾರಿನ ತಂತಿಯ ಬದಲು ಕಟ್ಟಡದ ಕಬ್ಬಿಣ ಕಟ್ಟುವ ಬೈಂಡಿಂಗ್ ವೈರ್ ಹಾಕಿ, ಏಕೆ ನಿಲ್ಲುವುದಿಲ್ಲ ಎಂದು ಕೇಳುವವರಿದ್ದಾರೆ. ಅದು ಕಾಯಿಸಿ ಮೆದು ಮಾಡಿದ ಕಬ್ಬಿಣ. ಚದರ ಮಿಲಿಮೀಟರಿಗೆ 40ರಿಂದ 50 ಕಿಲೊ ಆಸುಪಾಸಿನಲ್ಲೇ ಸೋಲುತ್ತದೆ. 63.5 ಸೆಂ.ಮೀ.ನಲ್ಲಿ ಜಿ3 ಶ್ರುತಿ ಬೇಡುವುದೂ ಸುಮಾರು 50. ಆದ್ದರಿಂದ ಅದು ಶ್ರುತಿ ಹತ್ತಿರ ಬರುವಾಗಲೇ ಎಳೆದು ಉದ್ದವಾಗುತ್ತಾ ಹೋಗಿ ಕಡಿಯುತ್ತದೆ. ಸೈಕಲ್ಲಿನ ಬ್ರೇಕ್ ಕೇಬಲ್ಲಿನ ಎಳೆ ಗಟ್ಟಿ ಉಕ್ಕೇ ಆದರೂ ಹುರಿಯಿಂದ ಬಿಡಿಸಿದ್ದರಿಂದ ಉದ್ದಕ್ಕೂ ಗುಂಗುರು, ಶುದ್ಧ ಸ್ವರ ಬಾರದು. ಪುಟ್ಟ ಮಕ್ಕಳಿಗಾದರೆ ಮೀನು ಹಿಡಿಯುವ ನೈಲಾನ್ ದಾರ ನಿಜವಾಗಿ ಒಳ್ಳೆಯದು. ಹಗುರ ಇರುವುದರಿಂದ ಅದೇ ಶ್ರುತಿಗೆ ಎಳೆತ ಬಹಳ ಕಡಿಮೆ, ಕಡಿದರೂ ಪೆಟ್ಟಿಲ್ಲ. ದನಿ ಮೆತ್ತಗೆ. ಗಂಟು ಜಾರುತ್ತದೆ, ಎರಡು ಸುತ್ತಿನ ಗಂಟು ಹಾಕಿ.

ಉಪ್ಪುಗಾಳಿ ಮತ್ತು ಬೆವರು

ನಾವಿರುವುದು ಕರಾವಳಿಯಲ್ಲಿ. ಇಲ್ಲಿ ಮೇಲಿನ ಎಲ್ಲವೂ ಸರಿಯಿದ್ದರೂ ಜೂನ್ ಬಂದರೆ ತಂತಿ ಕಂದಾಗುತ್ತದೆ. ತುಕ್ಕಿನ ಪ್ರತಿ ಚುಕ್ಕಿಯೂ ಒಂದು ಸಣ್ಣ ಗುಳಿ, ಗುಳಿಯಿಂದಲೇ ಬಿರುಕು ಶುರು. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ತಂತಿಯ ಮೇಲೂ ಅಡಿಯಲ್ಲೂ ಒರೆಸಿ, ಅಡಿಭಾಗವನ್ನೇ ಎಲ್ಲರೂ ಮರೆಯುವುದು. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿಯನ್ನು ಬಟ್ಟೆಗೆ ಹಾಕಿ ಸವರಿ. ಮನೆಯಲ್ಲಿದೆ ಎಂದು ತೆಂಗಿನೆಣ್ಣೆ ಹಚ್ಚಬೇಡಿ, ಅದು ಧೂಳನ್ನು ಹಿಡಿದು ಅಂಟಾಗುತ್ತದೆ. ಬೆರಳಿಗೆ ಒರಟು ಹತ್ತಿದ ತಂತಿಯನ್ನು ಕಡಿಯುವ ತನಕ ಕಾಯದೆ ಬದಲಿಸಿ.

ಹೊಸದು ಹಾಕಿದ ಮೇಲೆ

ಮೂರು ತಂತಿ ಸೇರಿ ಕುತ್ತಿಗೆಯ ಮೇಲೆ 35 ಕಿಲೊಗಿಂತ ಹೆಚ್ಚು ಎಳೆತ ಬೀಳುತ್ತದೆ, ಆದ್ದರಿಂದ ಒಂದನ್ನೇ ಪೂರ್ತಿ ಏರಿಸದೆ ಮೂರನ್ನೂ ಸ್ವಲ್ಪ ಸ್ವಲ್ಪವೇ ಏರಿಸಿ. ಎರಡು ಸ್ವರಸ್ಥಾನ ತಗ್ಗಿನಲ್ಲಿ ನಿಲ್ಲಿಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪೂರ್ತಿ ಶ್ರುತಿಗೆ ತಂದು ಅರ್ಧ ಗಂಟೆ ನುಡಿಸಿ, ಮತ್ತೆ ಸಡಿಲಿಸಿ ತಂತಿಯನ್ನು ಕುದುರೆಯಿಂದ ಎತ್ತಿ ನೋಡಿ. ಕುಳಿತಿದ್ದ ಜಾಗದಲ್ಲಿ ಬರೀ ಹೊಳಪಿದ್ದರೆ ಸರಿ. ಕಚ್ಚು ಕಂಡರೆ ಸಿಬಿರು ಇನ್ನೂ ಇದೆ, ಹತ್ತಿ ತೆಗೆದುಕೊಂಡು ಮತ್ತೆ ಕುಳಿತುಕೊಳ್ಳಿ.

ಸ್ಪೋಕಿನ ಕುದುರೆ ಹಾಕಿ, ಹಿಂಜು ತಿರುಗಿಸಿದ ಮೇಲೆ ಹಾಕಿದ ತಂತಿಗಳು ನವೆಂಬರಿನಿಂದ ಜುಲೈವರೆಗೆ ಬಂದವು. ಜುಲೈಯಲ್ಲಿ ತುಕ್ಕು ಕಂಡು ನಾವೇ ತೆಗೆದೆವು. ಕ್ಯಾಲೆಂಡರಿನ ಹಿಂಬದಿಯಲ್ಲಿ ಐದನೆಯ ಸಾಲನ್ನು ಹುಡುಗನೇ ಬರೆದ: ‘ಮೂರೂ ತಂತಿ, ತುಂಡಾಗಿಲ್ಲ, ಬದಲಿಸಿದ್ದು.’